ಮಕ್ಕಳಿಗೆ ಫ್ಲೂ ಲಸಿಕೆ: ಹಾಕಿಸಿದ ಮೇಲೂ ಜ್ವರ ಬಂತಲ್ಲ, ಮತ್ಯಾಕೆ?

ಪ್ರಶ್ನೆ: ಡಾಕ್ಟರ್, ನನಗೆ ಇಬ್ಬರು ಮಕ್ಕಳು. ಮಗಳಿಗೆ ಏಳು ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಹೋದ ವರ್ಷ ಮಗಳಿಗೆ ಮೊದಲ ಸಲ ಫ್ಲೂ ಇಂಜೆಕ್ಷನ್ ಹಾಕಿಸಿದೆವು, ಒಂದೇ ಡೋಸ್. ಎರಡು ತಿಂಗಳಲ್ಲೇ ಜ್ವರ, ಕೆಮ್ಮು ಬಂತು. "ಹಾಕಿಸಿಯೂ ಬಂತಲ್ಲ, ಸುಮ್ನೆ ಮಗುವನ್ನು ಅಳಿಸಿದ್ರಿ" ಅಂತಾರೆ ನಮ್ಮತ್ತೆ. ಜ್ವರ ಬಂದು ಹೋದರೇನೇ ಮೈಗೆ ಶಕ್ತಿ ಅನ್ನೋದು ನಮ್ಮ ಮನೆಯವರ ಮಾತು. ಅದೂ ಅಲ್ಲದೆ ಪ್ರತಿ ವರ್ಷ ಹಾಕಿಸಬೇಕಂತೆ. ಮಗನಿಗೆ ಹಾಕಿಸಲಾ, ಬಿಡಲಾ?

ಉತ್ತರ: ಮಗನಿಗೆ ಹಾಕಿಸಿ. ಮಗಳಿಗೂ ಹಾಕಿಸಿ. ಆದರೆ ನಿಮ್ಮ ಅತ್ತೆಯವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮಗಳಿಗೆ ಬಂದದ್ದು ಫ್ಲೂ ಅಂತ ಪರೀಕ್ಷೆಯಲ್ಲಿ ಗೊತ್ತಾಗಿತ್ತಾ? ಬಹಳಷ್ಟು ಮನೆಗಳಲ್ಲಿ ಪರೀಕ್ಷೆ ಮಾಡಿಸಿರುವುದಿಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೇಳು ಸಲ ನೆಗಡಿ ಕೆಮ್ಮು ಬರುವುದು ಮಾಮೂಲು. ಅದಕ್ಕೆ ಕಾರಣವಾಗುವ ವೈರಸ್‌ಗಳು ನೂರಾರು. ಫ್ಲೂ ಲಸಿಕೆ ತಡೆಯುವುದು ಇನ್‌ಫ್ಲುಯೆಂಜಾ ವೈರಸ್ಸನ್ನು ಮಾತ್ರ. ಉಳಿದ ನೆಗಡಿಗಳು ಲಸಿಕೆ ಹಾಕಿಸಿದರೂ ಬರುತ್ತವೆ, ಹಾಕಿಸದಿದ್ದರೂ ಬರುತ್ತವೆ. ಫ್ಲೂ ಸಾಮಾನ್ಯವಾಗಿ ದಿಢೀರ್ ಅಂತ ಬರುತ್ತದೆ. ಬೆಳಗ್ಗೆ ಆಡಿಕೊಂಡಿದ್ದ ಮಗು ಸಂಜೆ ಹೊತ್ತಿಗೆ ಜಾಸ್ತಿ ಜ್ವರ, ಮೈಕೈ ನೋವು ಅಂತ ಮಲಗಿಬಿಡುತ್ತದೆ. ಮಾಮೂಲಿ ನೆಗಡಿ ಮೂಗಿನಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ತೀರಾ ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣುವುದು ನಮಗೂ ಕಷ್ಟ.

ಎರಡನೇ ವಿಷಯ ನೀವೇ ಬರೆದಿದ್ದೀರಿ: ಒಂದೇ ಡೋಸ್. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಫ್ಲೂ ಲಸಿಕೆ ಹಾಕುವಾಗ ಕನಿಷ್ಠ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಮೊದಲನೆಯದು ಮೈಗೆ ವೈರಸ್ಸಿನ ಪರಿಚಯ ಮಾಡಿಸುತ್ತದೆ. ನಿಜವಾದ ರಕ್ಷಣೆ ಬರುವುದು ಎರಡನೆಯದರ ನಂತರ, ಅದೂ ಎರಡು ವಾರ ಕಳೆದ ಮೇಲೆ. ಈ ಎರಡನೇ ಡೋಸನ್ನು ಮರೆಯುವವರು ತುಂಬಾ ಜನ. ಮೊದಲ ಭೇಟಿಯಲ್ಲೇ ಅದರ ತಾರೀಕು ಬರೆದುಕೊಡಬೇಕಾದದ್ದು ನಮ್ಮಂಥ ವೈದ್ಯರ ಕೆಲಸ ಅಂತ ನಾನು ನಂಬುತ್ತೇನೆ. ನಿಮ್ಮ ಮಗಳಿಗೆ ಈವರೆಗೆ ಆಗಿರುವುದು ಒಂದೇ ಡೋಸ್ ಆದ್ದರಿಂದ ಈ ವರ್ಷ ಅವಳಿಗೂ ಎರಡು ಬೇಕು, ಮಗನಿಗೂ ಎರಡು. ಆಮೇಲೆ ವರ್ಷಕ್ಕೆ ಒಂದು ಸಾಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಫ್ಲೂ ಬರಬಹುದು. ಇದನ್ನು ಮುಚ್ಚಿಟ್ಟು ಲಸಿಕೆ ಹಾಕಿಸಿ ಅನ್ನುವುದು ನನಗೆ ಇಷ್ಟವಿಲ್ಲ. ಆ ವರ್ಷದ ವೈರಸ್ಸಿಗೆ ಲಸಿಕೆ ಚೆನ್ನಾಗಿ ಹೊಂದಿದಾಗ, ಡಾಕ್ಟರ ಹತ್ತಿರ ಹೋಗಬೇಕಾಗುವಷ್ಟು ಫ್ಲೂ ಬರುವ ಸಾಧ್ಯತೆ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಹೊಂದದ ವರ್ಷ ಅದಕ್ಕಿಂತ ಕಡಿಮೆ. ದಡಾರ ಲಸಿಕೆಯ ಎರಡು ಡೋಸ್ ಶೇ 97ರಷ್ಟು ರಕ್ಷಣೆ ಕೊಡುತ್ತದೆ. ಅದರ ಮುಂದೆ ಇದು ಸಾಧಾರಣ ಲಸಿಕೆಯೇ.

ಹಾಗಾದರೆ ಯಾಕೆ ಹಾಕಿಸಿ ಅಂತೀನಿ? ಲಸಿಕೆಯನ್ನು ಅಳೆಯಬೇಕಾದದ್ದು "ಜ್ವರ ಬಂತಾ ಇಲ್ವಾ" ಅಂತ ಅಲ್ಲ. ಮಗು ಐಸಿಯುಗೆ ಹೋಗುವುದು ತಪ್ಪಿತಾ ಅಂತ. ಅಮೆರಿಕದಲ್ಲಿ 2010ರಿಂದ 2014ರವರೆಗೆ ಫ್ಲೂನಿಂದ ತೀರಿಕೊಂಡ ಮಕ್ಕಳ ದಾಖಲೆ ತೆಗೆದು ನೋಡಿದರು. ಮಾಹಿತಿ ಸಿಕ್ಕ 291 ಮಕ್ಕಳಲ್ಲಿ ಲಸಿಕೆ ಆಗಿದ್ದದ್ದು ಸುಮಾರು ಕಾಲು ಭಾಗಕ್ಕೆ ಮಾತ್ರ. ಬೇರೆ ಕಾಯಿಲೆ ಇಲ್ಲದ ಮಕ್ಕಳಲ್ಲಿ ಲಸಿಕೆಯು ಸಾವಿನ ಅಪಾಯವನ್ನು ಶೇ 65ರಷ್ಟು ತಗ್ಗಿಸಿತ್ತು. ಮೊದಲೇ ಕಾಯಿಲೆ ಇದ್ದವರಲ್ಲಿ ಶೇ 51ರಷ್ಟು. 2019-20ರ ಫ್ಲೂ ಕಾಲದ ಇನ್ನೊಂದು ಅಧ್ಯಯನದಲ್ಲಿ, ಜೀವಕ್ಕೇ ಅಪಾಯ ತರುವಂಥ ಫ್ಲೂ ವಿರುದ್ಧ ಮಕ್ಕಳಿಗೆ ಶೇ 75ರಷ್ಟು ರಕ್ಷಣೆ ಸಿಕ್ಕಿತ್ತು. ಕಾಯಿಲೆ ಜೋರಾದಷ್ಟೂ ಲಸಿಕೆಯ ಬೆಲೆ ಗೊತ್ತಾಗುತ್ತದೆ.

ನಿಮ್ಮ ಮಗನ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಎರಡು ವರ್ಷದೊಳಗಿನವರಿಗೆ, ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚು. 2018ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಐದು ವರ್ಷದೊಳಗಿನ ಸುಮಾರು 8.7 ಲಕ್ಷ ಮಕ್ಕಳು ಫ್ಲೂನಿಂದಾದ ಶ್ವಾಸಕೋಶದ ಸೋಂಕಿಗೆ ಆಸ್ಪತ್ರೆ ಸೇರಿದರು ಅಂತ ಅಂದಾಜಿದೆ. ಅಪರೂಪಕ್ಕೆ ಫ್ಲೂ ಮಿದುಳಿಗೆ, ಹೃದಯದ ಸ್ನಾಯುವಿಗೆ ತಗಲುವುದೂ ಉಂಟು.

"ಬಂದು ಹೋದರೆ ಶಕ್ತಿ" ಅನ್ನುವ ನಿಮ್ಮ ಮನೆಯವರ ಮಾತಲ್ಲಿ ಅರ್ಧ ಸತ್ಯ ಇದೆ. ಫ್ಲೂ ಬಂದು ವಾಸಿಯಾದರೆ ಆ ತಳಿಯ ವಿರುದ್ಧ ಒಳ್ಳೆಯ ರಕ್ಷಣೆ ಬರುತ್ತದೆ, ನಿಜ. ಆದರೆ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಹೋದ ವರ್ಷದ ಶಕ್ತಿ ಈ ವರ್ಷದ ವೈರಸ್ಸಿಗೆ ಸಾಲದೆ ಹೋಗಬಹುದು. ಆ ಶಕ್ತಿಗೆ ತೆರುವ ಬೆಲೆಯೂ ಮೊದಲೇ ಗೊತ್ತಿರುವುದಿಲ್ಲ. ಫ್ಲೂನಿಂದ ತೀರಿಕೊಳ್ಳುವ ಮಕ್ಕಳಲ್ಲಿ ಹತ್ತಿರತ್ತಿರ ಅರ್ಧದಷ್ಟು ಮಕ್ಕಳು ಅದಕ್ಕೆ ಮುಂಚೆ ಪೂರ್ತಿ ಆರೋಗ್ಯವಾಗಿದ್ದವರು. "ನಮ್ಮ ಮಗು ಗಟ್ಟಿಮುಟ್ಟಾಗಿದೆ, ಏನೂ ಆಗಲ್ಲ" ಅಂತ ಯಾರಾದರೂ ಅಂದಾಗ ನನಗೆ ನೆನಪಾಗುವುದು ಇದೇ.

ಪ್ರತಿ ವರ್ಷ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಒಂದು, ವೈರಸ್ ಬದಲಾಗುತ್ತದೆ. ಇನ್ನೊಂದು, ಲಸಿಕೆಯ ರಕ್ಷಣೆ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರಿ, ಯಾವ ತಳಿ ಓಡಾಡುತ್ತಿದೆ ನೋಡಿ, ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತಾರೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಮುಂಚೆ ನಾಲ್ಕು ತಳಿಯ ಲಸಿಕೆ ಇತ್ತು, ಈಗ ಮೂರೇ ತಳಿಯದ್ದು ಕೊಡುತ್ತಿದ್ದಾರೆ ಅಂತ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಬಿ ಯಾಮಗಾಟಾ ಅನ್ನುವ ತಳಿ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ಅದಕ್ಕೇ ಅದನ್ನು ಲಸಿಕೆಯಿಂದ ತೆಗೆಯುತ್ತಿದ್ದಾರೆ.

ತೊಂದರೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಚುಚ್ಚಿದ ಜಾಗ ನೋಯಬಹುದು, ಒಂದೆರಡು ದಿನ ಸ್ವಲ್ಪ ಜ್ವರ, ಕಿರಿಕಿರಿ ಇರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ನ್ಯೂಮೋಕಾಕಲ್ ಲಸಿಕೆಯ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ್ದು) ಜೊತೆ ಒಂದೇ ದಿನ ಕೊಟ್ಟಾಗ ಜ್ವರದ ಫಿಟ್ಸ್ ಸಂಭವ ತುಸು ಏರುತ್ತದೆ. ಒಂದು ಲಕ್ಷ ಮಕ್ಕಳಲ್ಲಿ ಹೆಚ್ಚೆಂದರೆ 30 ಮಂದಿಗೆ. ನೋಡಿದವರ ಎದೆ ಝಲ್ಲೆನ್ನುತ್ತದೆ, ಆದರೆ ಇಂಥ ಫಿಟ್ಸ್ ಮಗುವಿಗೆ ಶಾಶ್ವತ ಹಾನಿ ಮಾಡುವುದಿಲ್ಲ. ಈ ಹಿಂದೆ ಜ್ವರದಲ್ಲಿ ಫಿಟ್ಸ್ ಬಂದಿದ್ದರೆ ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿ. ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದರಂತೆ ಆಗುತ್ತದೆ. ಅದು ಬಹುಮಟ್ಟಿಗೆ ಮೊದಲ ಕೆಲವು ನಿಮಿಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಲಸಿಕೆ ಆದ ಮೇಲೆ ಸ್ವಲ್ಪ ಹೊತ್ತು ಕೂರಿ ಅನ್ನುವುದು.

ಇನ್ನು ಅತ್ತೆಯವರಿಗೆ ಒಂದು ಮಾತು. ಮನೆಗೆ ಫ್ಲೂ ತರುವವರು ಹೆಚ್ಚಾಗಿ ಮಕ್ಕಳೇ. ದೊಡ್ಡವರಿಗಿಂತ ಹೆಚ್ಚು ದಿನ ಅವರು ವೈರಸ್ ಹರಡುತ್ತಾರೆ. ಕೆನಡಾದ ಹಟರೈಟ್ ಸಮುದಾಯದ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದ ಹಳ್ಳಿಗಳ ಮಕ್ಕಳಿಗೆ ಬೇರೊಂದು ಲಸಿಕೆ. 2010ರಲ್ಲಿ ಫಲಿತಾಂಶ ಬಂತು. ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದ ಹಳ್ಳಿಗಳಲ್ಲಿ, ಲಸಿಕೆ ಹಾಕಿಸಿಕೊಳ್ಳದ ಉಳಿದವರಿಗೂ ಫ್ಲೂ ಸುಮಾರು ಶೇ 61ರಷ್ಟು ಕಡಿಮೆಯಾಗಿತ್ತು. ವಯಸ್ಸಾದವರ ಮೈಯಲ್ಲಿ ಲಸಿಕೆ ಅಷ್ಟಾಗಿ ಹಿಡಿಯುವುದಿಲ್ಲ. ಮೊಮ್ಮಕ್ಕಳಿಗೆ ಹಾಕಿಸಿದ್ದು ಅಜ್ಜಿಯನ್ನೂ ಕಾಯುತ್ತದೆ. ಅವರೂ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲ ಮಕ್ಕಳಿಗೂ ನಾನು ಇಷ್ಟೇ ಒತ್ತಿ ಹೇಳುತ್ತೇನಾ ಅಂದರೆ, ಇಲ್ಲ. ಐದು ವರ್ಷದೊಳಗಿನವರು, ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ನರದ ಸಮಸ್ಯೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು: ಇವರಿಗೆ ಬಿಡಲೇಬೇಡಿ. ಆರೋಗ್ಯವಾಗಿರುವ ಹತ್ತು ಹನ್ನೆರಡು ವರ್ಷದ ಮಗುವಿಗೆ ಲಾಭ ಇದೆ, ಆದರೆ ಅಷ್ಟು ದೊಡ್ಡದಲ್ಲ. ಕೆಲವು ದೇಶಗಳು ಎಲ್ಲ ಮಕ್ಕಳಿಗೂ ಕೊಡುತ್ತವೆ, ಕೆಲವು ಅಪಾಯ ಹೆಚ್ಚಿರುವವರಿಗೆ ಮಾತ್ರ. ಮನೆಯಲ್ಲಿ ಕೂಸು, ಬಸುರಿ, ವಯಸ್ಸಾದವರು ಇದ್ದರೆ ದೊಡ್ಡ ಮಕ್ಕಳಿಗೂ ಹಾಕಿಸುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಡೋಸ್ ಬೇಕಾದವರು ಫ್ಲೂ ಕಾಲಕ್ಕೆ ಕನಿಷ್ಠ ಆರು ವಾರ ಮುಂಚೆ ಶುರು ಮಾಡಿ. ತಡವಾಯಿತು ಅಂತ ಬಿಡಬೇಡಿ, ಫ್ಲೂ ಓಡಾಡುತ್ತಿರುವಾಗ ಹಾಕಿಸಿದರೂ ಉಪಯೋಗ ಇದೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಆಗಾಗ ಉಬ್ಬಸ ಬರುತ್ತದೆ. ಮೊಟ್ಟೆ ತಿಂದರೆ ಮೈಯೆಲ್ಲ ದದ್ದು. ಫ್ಲೂ ಲಸಿಕೆ ಮೊಟ್ಟೆಯಲ್ಲಿ ತಯಾರಿಸುತ್ತಾರಂತೆ. ಹಾಕಿಸಬಹುದಾ?

ಉತ್ತರ: ಹಾಕಿಸಬಹುದು. ಉಬ್ಬಸ ಇರುವುದರಿಂದ ಹಾಕಿಸಲೇಬೇಕು. ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ ಬೆಳೆಸುವುದು ಕೋಳಿಮೊಟ್ಟೆಯಲ್ಲೇ, ಆದರೆ ಕೊನೆಗೆ ಅದರಲ್ಲಿ ಉಳಿಯುವ ಮೊಟ್ಟೆಯ ಅಂಶ ತೀರಾ ಕಡಿಮೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2023ರಿಂದ, ಮೊಟ್ಟೆ ಅಲರ್ಜಿ ಇರುವವರಿಗೆ ಬೇರೆ ಲಸಿಕೆಗಳಿಗಿಂತ ಹೆಚ್ಚಿನ ಎಚ್ಚರಿಕೆ ಏನೂ ಬೇಡ ಅಂತ ಹೇಳಿದೆ. ಹಾಗಿದ್ದರೂ ಹಾಕುವವರಿಗೆ ಅಲರ್ಜಿಯ ವಿಷಯ ತಿಳಿಸಿ. ಹಿಂದೆ ಫ್ಲೂ ಲಸಿಕೆಗೇ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಕತೆ ಬೇರೆ, ಆಗ ತಜ್ಞರನ್ನು ಕಾಣದೆ ಹಾಕಿಸಬೇಡಿ. ಮೂಗಿಗೆ ಬಿಡುವ ಸ್ಪ್ರೇ ಲಸಿಕೆ ನಿಮ್ಮ ಮಗನಿಗೆ ಬೇಡ. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಉಬ್ಬಸ ಬರುವ ಚಿಕ್ಕ ಮಕ್ಕಳಿಗೆ ಒಗ್ಗುವುದಿಲ್ಲ. ಇಂಜೆಕ್ಷನ್ನೇ ಸರಿ. ಇನ್‌ಹೇಲರ್ ನಡೆಯುತ್ತಿದ್ದರೆ ನಡೆಯಲಿ, ಸಣ್ಣ ನೆಗಡಿ ಇದ್ದರೂ ಅಡ್ಡಿಯಿಲ್ಲ.

ಪ್ರಶ್ನೆ: ಮಗಳ ಲಸಿಕೆ ಕಾರ್ಡಿನಲ್ಲಿ "ಹಿಮೋಫಿಲಸ್ ಇನ್‌ಫ್ಲುಯೆಂಜಾ" ಅಂತ ಬರೆದಿದೆ. ಅಂದಮೇಲೆ ಫ್ಲೂ ಲಸಿಕೆ ಆಗಿದೆ ಅಂತಲೇ ಅಲ್ವಾ?

ಉತ್ತರ: ಅಲ್ಲ. ಅದು ಹಿಬ್ ಲಸಿಕೆ, ಒಂದು ಬ್ಯಾಕ್ಟೀರಿಯಾದ ವಿರುದ್ಧ. ಮಿದುಳು ಪೊರೆಯ ಸೋಂಕು, ನ್ಯುಮೋನಿಯಾ ತಡೆಯಲು ಶಿಶುಗಳಿಗೆ ಕೊಡುತ್ತಾರೆ. 1890ರ ದಶಕದಲ್ಲಿ ಫ್ಲೂಗೆ ಈ ಬ್ಯಾಕ್ಟೀರಿಯಾವೇ ಕಾರಣ ಅಂತ ತಿಳಿದಿದ್ದರು, ಆ ಹೆಸರು ಹಾಗೇ ಉಳಿಯಿತು. ಫ್ಲೂ ವೈರಸ್ ಮನುಷ್ಯರಿಂದ ಪತ್ತೆಯಾದದ್ದು 1933ರಲ್ಲಿ. ಫ್ಲೂ ಲಸಿಕೆ ಬೇರೆಯೇ ಹಾಕಿಸಬೇಕು.

ಪ್ರಶ್ನೆ: ನನ್ನ ಕೂಸಿಗೆ ಎರಡು ತಿಂಗಳು. ಫ್ಲೂ ಲಸಿಕೆ ಈಗ ಹಾಕಲ್ಲ ಅಂದರು. ಅಲ್ಲಿವರೆಗೆ ಏನು ಮಾಡಲಿ?

ಉತ್ತರ: ಆರು ತಿಂಗಳು ತುಂಬುವವರೆಗೆ ಈ ಲಸಿಕೆ ಇಲ್ಲ, ಅವರು ಹೇಳಿದ್ದು ಸರಿ. ಅಪಾಯ ಜಾಸ್ತಿ ಇರುವುದೂ ಈ ವಯಸ್ಸಿನಲ್ಲೇ. ಬಸುರಿಯಲ್ಲಿ ನೀವು ಹಾಕಿಸಿಕೊಂಡಿದ್ದರೆ ನಿಮ್ಮ ಪ್ರತಿಕಾಯಗಳು ಮಗುವಿಗೆ ದಾಟಿ ಮೊದಲ ಕೆಲವು ತಿಂಗಳು ಕಾಯುತ್ತವೆ. ಇಲ್ಲದಿದ್ದರೆ ಈಗಲಾದರೂ ನೀವು, ನಿಮ್ಮ ಯಜಮಾನರು, ಮಗುವನ್ನು ಎತ್ತಿಕೊಳ್ಳುವ ಎಲ್ಲರೂ ಹಾಕಿಸಿಕೊಳ್ಳಿ. ಹಾಲೂಡಿಸುವ ತಾಯಿಗೆ ಇದರಿಂದ ತೊಂದರೆಯಿಲ್ಲ. ಕೆಮ್ಮು ನೆಗಡಿ ಇರುವವರು ಯಾರೇ ಆಗಲಿ, ಕೂಸನ್ನು ಮುದ್ದಿಸಲು ಬಿಡಬೇಡಿ, ನೆಂಟರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಮೂರು ತಿಂಗಳೊಳಗಿನ ಮಗುವಿನ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ಎಬ್ಬಿಸಿದರೂ ಮಂಕಾಗಿದ್ದರೆ ಜ್ವರ ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಫ್ಲೂಗೆ ಔಷಧಿ ಇದೆ, ಎರಡು ದಿನದೊಳಗೆ ಶುರು ಮಾಡಿದಾಗ ಅದರ ಉಪಯೋಗ ಹೆಚ್ಚು. ಆಸ್ಪಿರಿನ್ ಮಾತ್ರ ಯಾವ ಮಗುವಿಗೂ ನೀವಾಗಿ ಕೊಡಬೇಡಿ. ಫ್ಲೂ ಇದ್ದಾಗ ಅದರಿಂದ ಯಕೃತ್ತು, ಮಿದುಳಿಗೆ ಹಾನಿಯಾಗುವ ಅಪಾಯ ಇದೆ.