ರೈಲಿಗಾಗಿ ಗೋರಿ ಅಗೆದದ್ದು ಸರಿಯೇ?

ಮಾನ್ಯ ಓದುಗರೇ,

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಪಕ್ಕದ ಸೇಂಟ್ ಜೇಮ್ಸ್ ಗಾರ್ಡನ್ಸ್ ಉದ್ಯಾನದಡಿಯ ಹಳೆಯ ಸ್ಮಶಾನವನ್ನು ಅಗೆದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಿಟ್ಟಿನಿಂದಲೇ ಬರೆದಿದ್ದೀರಿ. ಮಣ್ಣು ಮಾಡಿದವರನ್ನು ಮೇಲೆತ್ತಿ ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟರೆ ತಪ್ಪು ಒಪ್ಪಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಅಷ್ಟೊಂದು ಅಸ್ಥಿಪಂಜರಗಳಲ್ಲಿ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ನದು ಇದೇ ಎಂದು ಹೇಗೆ ಗೊತ್ತಾಯಿತು ಎಂದೂ ಕೇಳಿದ್ದೀರಿ. ಎರಡನೆಯದನ್ನು ಮೊದಲು ಮುಗಿಸುತ್ತೇನೆ.

ಗುರುತು ಹೇಳಿದ್ದು ಒಂದು ಸೀಸದ ತಗಡು. ಹೆಸರು, ವಯಸ್ಸು ಕೆತ್ತಿದ ಫಲಕವನ್ನು ಶವಪೆಟ್ಟಿಗೆಯ ಎದೆಭಾಗಕ್ಕೆ ಬಡಿಯುವುದು ಆ ಕಾಲದ ಪದ್ಧತಿ. ಕೈ ಬಿಗಿಯಿದ್ದವರು ಅಗ್ಗದ ತವರದ ಫಲಕ ಹಾಕಿಸುತ್ತಿದ್ದರು. ಹಸಿ ಮಣ್ಣಿನಲ್ಲಿ ಅದು ತುಕ್ಕು ತಿಂದು ಪುಡಿಯಾದರೆ ಹೆಸರೂ ಹೋದಂತೆಯೇ. ಸೀಸ ಮಾತ್ರ ತಾಳಿಕೊಳ್ಳುತ್ತದೆ. 2019ರ ಜನವರಿಯಲ್ಲಿ ಸುದ್ದಿಯಾದ ಆ ಫಲಕದ ಮೇಲೆ ಕ್ಯಾಪ್ಟನ್ ಫ್ಲಿಂಡರ್ಸ್ ಹೆಸರು, 1814ರ ಜುಲೈ 19 ಎಂಬ ಮರಣದಿನ, 40 ವರ್ಷ ಎಂಬ ವಯಸ್ಸು ಓದುವಂತಿದ್ದವು. ಆಸ್ಟ್ರೇಲಿಯಾವನ್ನು ಹಡಗಿನಲ್ಲಿ ಸುತ್ತುಹಾಕಿ, ಆ ಹೆಸರನ್ನೇ ಬಳಕೆಗೆ ತಂದ ಮನುಷ್ಯ ಈತ. 1840ರ ದಶಕದಲ್ಲಿ ನಿಲ್ದಾಣ ವಿಸ್ತರಿಸುವಾಗ ಇವನ ಗೋರಿಕಲ್ಲು ಕಿತ್ತುಹೋಗಿತ್ತು. ಆಮೇಲೆ ಇವನು ಯಾವುದೋ ಪ್ಲಾಟ್‌ಫಾರ್ಮಿನ ಅಡಿಯಲ್ಲಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಗೌರವ ಶುರುವಾದದ್ದು ಪುರಾತತ್ವದವರಿಂದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಇದು ಪ್ರೊಟೆಸ್ಟೆಂಟರ ಪವಿತ್ರ ನೆಲವಲ್ಲವೇ ಎಂದಿದ್ದೀರಿ. ಹೌದು, ಪಿಕ್ಕಡಿಲಿಯ ಸೇಂಟ್ ಜೇಮ್ಸ್ ಚರ್ಚಿಗೆ ಸೇರಿದ ಸ್ಮಶಾನ. 1853ರಲ್ಲಿ ಮುಚ್ಚಿತು, 1887ರಲ್ಲಿ ಉದ್ಯಾನವಾಯಿತು. ಹೂಳಿದವರ ಸಂಖ್ಯೆ ಅಂದಾಜು 60 ಸಾವಿರ. ಆ ನೆಲ ಸೇರಿದವರಲ್ಲಿ ಲಾರ್ಡ್ ಜಾರ್ಜ್ ಗಾರ್ಡನ್ ಕೂಡ ಒಬ್ಬ. ಪ್ರೊಟೆಸ್ಟೆಂಟ್ ಸಂಘದ ನಾಯಕನಾಗಿ 1780ರಲ್ಲಿ ಕ್ಯಾಥೊಲಿಕರ ವಿರುದ್ಧ ಲಂಡನ್ನೇ ಹೊತ್ತಿ ಉರಿಯುವಂಥ ಗಲಭೆಗೆ ಕಾರಣನಾದ ಈ ಮಹಾಶಯ ಮುಂದೆ ಯಹೂದಿ ಮತಕ್ಕೆ ಸೇರಿ, 1793ರಲ್ಲಿ ಜೈಲಿನಲ್ಲಿ ಸತ್ತು, ಮತ್ತೆ ಇಲ್ಲಿಗೇ ಬಂದ! ಗುಲಾಮಗಿರಿಯಲ್ಲಿ ಹುಟ್ಟಿ ಹೆಸರಾಂತ ಮುಷ್ಟಿಮಲ್ಲನಾದ ಬಿಲ್ ರಿಚ್ಮಂಡ್‌ನನ್ನು ಹೂಳಿದ್ದೂ ಇಲ್ಲಿಯೇ.

ಈಗ ನಿಮ್ಮ ಮುಖ್ಯ ಆಕ್ಷೇಪ. ಯಾವ ಸಂಶೋಧಕನೂ ಕುತೂಹಲಕ್ಕೆ ಈ ಗೋರಿಗಳನ್ನು ತೆಗೆಸಲಿಲ್ಲ. ಎಚ್‌ಎಸ್2 ಎಂಬ ಹೈಸ್ಪೀಡ್ ರೈಲುಮಾರ್ಗಕ್ಕೆ 2017ರಲ್ಲಿ ಸಂಸತ್ತು ಕಾಯ್ದೆ ಮಾಡಿಕೊಟ್ಟಿತು. ನಿಲ್ದಾಣಕ್ಕೆ ಆ ಜಾಗ ಬೇಕೆಂದಾದ ಮೇಲೆ ಉಳಿದದ್ದು ಹೇಗೆ ತೆಗೆಯಬೇಕು ಎಂಬ ಪ್ರಶ್ನೆ ಮಾತ್ರ. 1860ರ ದಶಕದಲ್ಲಿ ಸಮೀಪದ ಸೇಂಟ್ ಪ್ಯಾಂಕ್ರಸ್ ಚರ್ಚಿನ ಸ್ಮಶಾನಕ್ಕೂ ರೈಲು ನುಗ್ಗಿತ್ತು. ಆಗ ಎಲುಬುಗಳನ್ನು ಬೇಕಾಬಿಟ್ಟಿ ಎತ್ತಿಹಾಕಿದ್ದಕ್ಕೆ ಜನ ರೊಚ್ಚಿಗೆದ್ದರು. ಕೆಲಸದ ಮೇಲೆ ಕಣ್ಣಿಡಲು, ಮುಂದೆ ಸಾಹಿತಿಯಾದ ಥಾಮಸ್ ಹಾರ್ಡಿ ಎಂಬ ಎಳೆಯ ವಾಸ್ತುಶಿಲ್ಪಿಯನ್ನು ನಿಲ್ಲಿಸಬೇಕಾಯಿತು. ಸೇಂಟ್ ಜೇಮ್ಸ್‌ನಲ್ಲಿ ಹಾಗಾಗಲಿಲ್ಲ. ಡೇರೆಯ ಮರೆಯಲ್ಲಿ ಒಂದೊಂದೇ ಗೋರಿ ಬಿಡಿಸಿ, ದಾಖಲಿಸಿ, ಎಲುಬುಗಳನ್ನು ಪರೀಕ್ಷೆಗೆ ಒಯ್ದರು. ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗದಿಂದ ಬಾಗಿದ ಮಗುವಿನ ಕಾಲೆಲುಬು, ತಂಬಾಕು ಸೇದುವ ಮಣ್ಣಿನ ಚಿಲುಮೆ ಕಚ್ಚಿ ಕಚ್ಚಿ ಹಲ್ಲಿನ ಸಾಲಿನಲ್ಲಿ ಬಿದ್ದ ದುಂಡನೆಯ ತೂತು: ಆ ಕಾಲದ ಬಡವರ ಬದುಕು ಇಂಥವುಗಳಿಂದ ತಿಳಿಯುವಷ್ಟು ಚರ್ಚಿನ ದಫ್ತರಗಳಿಂದ ತಿಳಿಯದು.

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ಯೋಜನೆ ಮಾಡಿದವರ ಕಡೆ ತಿರುಗಿಸಿ. ಮರ ಕಡಿದು, ಸತ್ತವರನ್ನು ಎಬ್ಬಿಸಿದ ಮೇಲೆ 2023ರ ಮಾರ್ಚ್‌ನಲ್ಲಿ ಯೂಸ್ಟನ್ ನಿಲ್ದಾಣದ ಕಾಮಗಾರಿಯನ್ನೇ ತಡೆಹಿಡಿದರು. ಅಷ್ಟು ಅವಸರ ಯಾಕಿತ್ತು ಎಂದು ಕೇಳುವ ಹಕ್ಕು ಯಾರಿಗಾದರೂ ಇದೆ.

ಅವರೆಲ್ಲ ಈಗ ಎಲ್ಲಿ ಎಂದೂ ಕೇಳಿದ್ದೀರಿ. ಫ್ಲಿಂಡರ್ಸ್‌ನನ್ನು 2024ರ ಜುಲೈಯಲ್ಲಿ ಅವನ ಹುಟ್ಟೂರು ಡಾನಿಂಗ್ಟನ್ನಿನ ಚರ್ಚಿನಲ್ಲಿ ಮತ್ತೆ ಮಣ್ಣು ಮಾಡಿದರು. ಉಳಿದವರಿಗೆ ಗೊತ್ತುಮಾಡಿದ ಜಾಗ ಲಂಡನ್ನಿನ ಹೊರಗೆ ಸರ್ರೆ ಎಂಬ ಜಿಲ್ಲೆಯ ಬ್ರೂಕ್‌ವುಡ್ ಸ್ಮಶಾನ. ಲಂಡನ್ನಿನೊಳಗೆ ಹೂಳಲು ಜಾಗವಿಲ್ಲದಾಗ 1854ರಲ್ಲಿ ತೆರೆದದ್ದು ಅದು. ಶವಗಳನ್ನೂ ನೆಂಟರನ್ನೂ ಅಲ್ಲಿಗೆ ಒಯ್ಯಲೆಂದೇ 1941ರವರೆಗೆ ಬೇರೆಯೇ ಒಂದು ರೈಲು ಓಡುತ್ತಿತ್ತು.

– ಸಂ.