ಮಾಳಿಗೆ ಮೇಲೆ ಕಾರು ಓಡಿಸಿ ನೋಡುತ್ತಿದ್ದ ಕಾರ್ಖಾನೆ ನಿಜವಾಗಿ ಇತ್ತಾ?

ಇತ್ತು. ಕಟ್ಟಡ ಈಗಲೂ ಇದೆ! ಇಟಲಿಯ ಟೊರಿನೊ ನಗರದ ಲಿಂಗೊಟ್ಟೊ, ಫಿಯೆಟ್ ಕಂಪನಿಯದು. 1916ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಉದ್ಘಾಟನೆ ಆಯ್ತು. ಎಂಜಿನಿಯರ್ ಜಾಕೊಮೊ ಮಾಟ್ಟೆ ಟ್ರುಕ್ಕೊ.

ಐದು ಮಹಡಿ, ಉದ್ದ ಅರ್ಧ ಕಿಲೋಮೀಟರು. ಕಚ್ಚಾ ಸಾಮಾನು ಕೆಳಗೆ ಒಳಗೆ ಬರುತ್ತಿತ್ತು, ಒಂದೊಂದು ಮಹಡಿ ಹತ್ತುತ್ತಾ ಕಾರಿನ ರೂಪ ಪಡೆಯುತ್ತಿತ್ತು, ಕೊನೆಗೆ ತಾರಸಿಗೆ ಬಂದಾಗ ಓಡಿಸಿ ನೋಡೋದು. ಅಲ್ಲಿ ಎರಡು ನೇರ ರಸ್ತೆ, ಎರಡೂ ತುದಿಯಲ್ಲಿ ಬಾಣಲೆಯ ಅಂಚಿನ ಹಾಗೆ ಮೇಲೆದ್ದ ತಿರುವು. ವೇಗವಾಗಿ ತಿರುಗಿದರೂ ಕಾರು ಹೊರಕ್ಕೆ ಜಾರಬಾರದು ಅಂತ ಆ ಓರೆ. ನನಗೆ ಅದಕ್ಕಿಂತ ಇಷ್ಟ ಒಳಗಿನ ಸುರುಳಿ ದಾರಿ: ಕೆಳಗೆ ನಿಂತು ತಲೆ ಎತ್ತಿದರೆ ಕಾಂಕ್ರೀಟ್ ತೊಲೆಗಳು ಬೀಸಣಿಗೆ ಕಡ್ಡಿಗಳ ಹಾಗೆ ಹರಡಿಕೊಂಡಿರುತ್ತವೆ.

ಫಿಯೆಟ್‌ನ ಪುಟಾಣಿ ಕಾರು ಟೊಪೊಲಿನೊ ತಯಾರಾಗಿದ್ದೂ ಇಲ್ಲೇ. ಆದರೆ ಮಹಡಿ ಮೇಲೆ ಮಹಡಿ ಅಂದ್ರೆ ಹೊಸ ಕಾಲದ ಉದ್ದುದ್ದ ಅಸೆಂಬ್ಲಿ ಲೈನಿಗೆ ಒಗ್ಗೋದಿಲ್ಲ ಅಲ್ವಾ, 1982ರಲ್ಲಿ ಬಾಗಿಲು ಹಾಕಿದರು.

ಪುಣ್ಯಕ್ಕೆ ಕೆಡವಲಿಲ್ಲ. ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊರಗಿನ ರೂಪ ಉಳಿಸಿಕೊಂಡು ಮಾಲ್, ಹೋಟೆಲ್, ಸಂಗೀತ ಸಭಾಂಗಣ ಎಲ್ಲ ಮಾಡಿದರು. 2002ರಲ್ಲಿ ತಾರಸಿ ಮೇಲೆ ಚಿತ್ರಶಾಲೆ, 2021ರಲ್ಲಿ ಟ್ರ್ಯಾಕ್ ಉದ್ದಕ್ಕೂ ಗಿಡಗಳ ತೋಟ. ಈಗ ಜನ ಅಲ್ಲಿ ಸುಮ್ನೆ ವಾಕಿಂಗ್ ಹೋಗ್ತಾರೆ.