ಲೈಟು ಹಾಕುವವರೂ ನಾಟಕ ಓದಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ನನಗೆ 23 ವರ್ಷ, ಊರು ಬದಿಯಡ್ಕದ ಹತ್ತಿರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಒಂದು ಸೌಂಡ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಜಾತ್ರೆ, ಯಕ್ಷಗಾನದ ಆಟ, ಸ್ಕೂಲ್ ಡೇ ಎಲ್ಲದಕ್ಕೂ ಲೈಟು ಕಟ್ಟುತ್ತೇನೆ. ಈಗ ಊರಿನ ಕಲಾಸಂಘದವರು ನಾಟಕಕ್ಕೂ ನೀನೇ ಲೈಟು ಮಾಡು ಅಂತಿದ್ದಾರೆ. ಕಟ್ಟುವುದು ಗೊತ್ತು, ದೊಡ್ಡ ನಾಟಕಗಳಲ್ಲಿ ಮಾಡುವ ಹಾಗೆ ಮಾಡಲು ಗೊತ್ತಿಲ್ಲ. ಎಲ್ಲಿ ಕಲಿಯಬಹುದು? ಹೊಸ ಲೈಟ್ ಬೋರ್ಡು, ಎರಡು ಮೂವಿಂಗ್ ಹೆಡ್ (ಬೋರ್ಡಿನಿಂದಲೇ ತಿರುಗಿಸುವ ಲೈಟು) ತಗೊಂಡರೆ ಸಾಕಾ?

ಉತ್ತರ: ಮೂವಿಂಗ್ ಹೆಡ್ ಈಗ ಬೇಡ, ತಮ್ಮಾ. ಆ ದುಡ್ಡು ಇಟ್ಟುಕೊಳ್ಳಿ. ಬೋರ್ಡು ಒತ್ತುವುದನ್ನು ಕೆಲವು ವಾರದಲ್ಲಿ ಕಲಿಯಬಹುದು. ಯಾವಾಗ ಒತ್ತಬೇಕು, ಯಾಕೆ ಒತ್ತಬೇಕು ಅನ್ನುವುದಕ್ಕೆ ಮಾತ್ರ ನಾಟಕವನ್ನೇ ಓದಬೇಕು, ಬೇರೆ ದಾರಿ ಇಲ್ಲ.

ಆಟಕ್ಕೆ ರಂಗಸ್ಥಳ ಪೂರ್ತಿ ಒಂದೇ ಸಮ ಬೆಳಗಿದರೆ ಆಯ್ತು. ವೇಷ, ಕಿರೀಟ, ಮುಖದ ಬಣ್ಣ ಎಲ್ಲ ಕಾಣಬೇಕು, ಅಷ್ಟೇ. ನಾಟಕಕ್ಕೆ ಕತ್ತಲೂ ಬೇಕು. ಕೋಲ್ಕತ್ತಾದ ಬೆಳಕು ವಿನ್ಯಾಸಕ ತಾಪಸ್ ಸೇನ್ 1959ರಲ್ಲಿ ಒಂದು ನಾಟಕದಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗುವುದನ್ನು ಬೆಳಕಿನಲ್ಲೇ ತೋರಿಸಿದ್ದರು, ಜನ ಇವತ್ತಿಗೂ ಅದರ ಮಾತಾಡುತ್ತಾರೆ. ಆಗ ಎಲ್‌ಇಡಿ ಎಲ್ಲಿತ್ತು, ಮೂವಿಂಗ್ ಹೆಡ್ ಎಲ್ಲಿತ್ತು?

ಹಾಗಾಗಿ ಸಂಘದ ನಾಟಕವನ್ನೇ ಪಾಠ ಮಾಡಿಕೊಳ್ಳಿ. ಮೊದಲ ರಿಹರ್ಸಲ್‌ನಿಂದಲೇ ಹೋಗಿ ಕೂತುಕೊಳ್ಳಿ, ಕೊನೆಯ ಎರಡು ದಿನ ಮಾತ್ರ ಹೋಗುವ ಅಭ್ಯಾಸ ಬಿಡಿ. ಸ್ಕ್ರಿಪ್ಟಿನ ಒಂದು ಪ್ರತಿ ನಿಮಗೇ ಅಂತ ಇರಲಿ, ಬದಿಯಲ್ಲಿ ಜಾಗ ಬಿಟ್ಟು ಕ್ಯೂ (ಯಾವ ಹೊತ್ತಿಗೆ ಯಾವ ಲೈಟು ಹೇಗೆ ಬದಲಾಗಬೇಕು ಅನ್ನುವುದು) ಬರೆಯಿರಿ. 'ಇಲ್ಲಿ ಲೈಟು ಕಡಿಮೆ' ಅಂತ ಬರೆದರೆ ಅದು ಕ್ಯೂ ಅಲ್ಲ. ಹೀಗೆ ಬರೆಯಿರಿ: 'ಕ್ಯೂ 14. ಅಮ್ಮ ಬಾಗಿಲು ಹಾಕಿ ಕೈ ಬಿಟ್ಟ ಕೂಡಲೇ. ಬಲಗಡೆ ಕಿಟಕಿ ಲೈಟು 70ರಿಂದ 20ಕ್ಕೆ, 8 ಸೆಕೆಂಡು.' ನಾಳೆ ನಿಮಗೆ ಜ್ವರ ಬಂದರೆ ಬೇರೆಯವರು ಇದನ್ನು ನೋಡಿ ಶೋ ನಡೆಸುವಂತಿರಬೇಕು. ಆ 8 ಸೆಕೆಂಡು 5 ಆಗಬೇಕಾ, 12 ಆಗಬೇಕಾ ಅಂತ ಡೈರೆಕ್ಟರ್ ಜೊತೆ ಕೂತು ಮಾತಾಡುತ್ತೀರಲ್ಲ, ನೀವು ಕೇಳಿದ ದೊಡ್ಡ ಕಲಿಕೆ ಇರುವುದು ಅಲ್ಲೇ.

ಮುಖ ತೋರಿಸಲು ಒಂದು ಹಳೆಯ ಕ್ರಮ ಇದೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1930ರ ದಶಕದಲ್ಲಿ ಕಲಿಸಿದ್ದು. ನಟ ನಿಂತ ಜಾಗಕ್ಕೆ ಎದುರಿನಿಂದ ಎಡಕ್ಕೊಂದು ಬಲಕ್ಕೊಂದು ಲೈಟು, ಎರಡೂ 45 ಡಿಗ್ರಿ ಬದಿಗೆ, 45 ಡಿಗ್ರಿ ಎತ್ತರದಲ್ಲಿ. ಒಂದಕ್ಕೆ ಬೆಚ್ಚಗಿನ ಬಣ್ಣದ ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ), ಇನ್ನೊಂದಕ್ಕೆ ತಂಪು ಬಣ್ಣದ್ದು. ಆಗ ಮೂಗು, ಕಣ್ಣಿನ ಗುಳಿ, ಗಲ್ಲ ಎಲ್ಲ ಎದ್ದು ಕಾಣುತ್ತವೆ. ನೇರ ಎದುರಿನಿಂದ ಸುರಿದರೆ ಮುಖ ಚಪ್ಪಟೆ. ಇದನ್ನು ಮೊದಲು ಸರಿಯಾಗಿ ಮಾಡಿ, ಆಮೇಲೆ ಬೇಕಾದಾಗ ಮುರಿಯಿರಿ.

ಕರೆಂಟಿನ ಲೆಕ್ಕ ನಿಮಗೆ ಐಟಿಐಯಲ್ಲೇ ಬಂದಿದೆ, ಆದರೂ ಹೇಳುತ್ತೇನೆ, ಯಾಕಂದರೆ ದೇವಸ್ಥಾನದ ಗದ್ದೆಯಲ್ಲಿ ಕಟ್ಟುವ ಸ್ಟೇಜುಗಳಲ್ಲಿ ನನಗೆ ನಿಜವಾಗಿ ಹೆದರಿಕೆ ಆಗುವುದು ಇದೇ ವಿಷಯಕ್ಕೆ. 1000 ವಾಟಿನ ಒಂದು ಪಾರ್ ಲೈಟು 230 ವೋಲ್ಟಿನಲ್ಲಿ ಸುಮಾರು 4.3 ಆಂಪ್ ಎಳೆಯುತ್ತದೆ. ಮೂರು ಹಾಕಿದರೆ 13. ಒಂದು ಪವರ್ ಪ್ಲಗ್ಗಿಗೆ ಅಷ್ಟೇ ಸಾಕು, ನಾಲ್ಕನೆಯದು ಬೇಡ. ಕೇಬಲ್ ಸುರುಳಿಯಲ್ಲೇ ಬಿಟ್ಟು ಲೋಡ್ ಕೊಡಬೇಡಿ, ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ. ಜನರೇಟರಿಗೆ ಅರ್ತ್ ಇದೆಯಾ ನೋಡಿ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದೆ ಸ್ಟೇಜಿಗೆ ಲೈನ್ ಕೊಡಲೇಬೇಡಿ, ಯಾರು ಅರ್ಜೆಂಟ್ ಮಾಡಿದರೂ ಸರಿ. ಮೇಲೆ ತೂಗುವ ಪ್ರತಿ ಲೈಟಿಗೂ ಕ್ಲಾಂಪ್ ಜೊತೆ ಒಂದು ಸೇಫ್ಟಿ ಚೈನ್ ಬೇಕು. ಕೆಳಗೆ ನಿಂತಿರುವುದು ಯಾರದೋ ಮಗು.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಿಮಗೂ ಕೆಲಸ ಕಡಿಮೆ ಅಲ್ವಾ? ಆ ಮಳೆಗಾಲದಲ್ಲಿ ಅಂಗಡಿಯ ಸಾಮಾನಲ್ಲೇ ಡಿಎಂಎಕ್ಸ್ (ಬೋರ್ಡಿನಿಂದ ಲೈಟುಗಳಿಗೆ ಸಿಗ್ನಲ್ ಕಳಿಸುವ ಕ್ರಮ) ಕಲಿಯಿರಿ. ಒಂದು ಲೈನಿನಲ್ಲಿ 512 ಚಾನೆಲ್, ಒಂದು ಸರಣಿಯಲ್ಲಿ 32 ಲೈಟು ಮೀರಬಾರದು, ಕೊನೆಯ ಲೈಟಿಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ವಾಪಸ್ ಬರದಂತೆ ತಡೆಯುವ ರೆಸಿಸ್ಟರ್). ಎಲ್‌ಇಡಿ ಲೈಟುಗಳು ಸುಮ್ನೆ ಮಿಣಮಿಣ ಅನ್ನುತ್ತಿದ್ದರೆ ಮೊದಲು ಈ ಟರ್ಮಿನೇಟರ್ ನೋಡಿ, ಮೈಕ್ ಕೇಬಲನ್ನೇ ಡಿಎಂಎಕ್ಸ್‌ಗೆ ಹಾಕಿದ್ದೀರಾ ನೋಡಿ.

ಇನ್ನು ಶಾಲೆಯ ವಿಷಯ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಪಾಠ ಕನ್ನಡದಲ್ಲೇ. ಅಲ್ಲಿ ಬರೀ ಲೈಟು ಕಲಿಸುವುದಿಲ್ಲ. ನಟನೆಯೂ ಮಾಡಬೇಕು, ಸೆಟ್ಟೂ ಹೊರಬೇಕು. ನಿಮಗೆ ಬೇಕಾಗಿರುವುದು ಅದೇ ಅಂತ ನನ್ನ ಅಭಿಪ್ರಾಯ. ಇನ್ನೊಂದು, ತ್ರಿಶೂರಿನ ಸ್ಕೂಲ್ ಆಫ್ ಡ್ರಾಮಾ. ಕಲ್ಲಿಕೋಟೆ ವಿಶ್ವವಿದ್ಯಾಲಯದ್ದು, ಜಿ. ಶಂಕರ ಪಿಳ್ಳೆ 1977ರಲ್ಲಿ ಶುರು ಮಾಡಿದ್ದು. ಕಾಸರಗೋಡಿನಲ್ಲಿ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಅದೇ ದಿನ ತಲುಪುತ್ತೀರಿ. ನಮ್ಮ ಕಡೆಯವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ, ಇದು ಬೆಂಗಳೂರಿನ ಹುಡುಗನಿಗೆ ಇಲ್ಲದ ಅನುಕೂಲ. ತ್ರಿಶೂರಿನ ಅಂತಾರಾಷ್ಟ್ರೀಯ ನಾಟಕೋತ್ಸವ ನಡೆಯುವಾಗ ಒಮ್ಮೆ ಹೋಗಿ. ನಾಟಕ ಮುಗಿದ ಮೇಲೆ ಅಲ್ಲೇ ನಿಂತು ಅವರು ಸೆಟ್ ಬಿಚ್ಚುವುದನ್ನು ನೋಡಿ. ಯಾವುದು ಮೊದಲು ಇಳಿಯುತ್ತದೆ, ಯಾವುದು ಯಾವ ಪೆಟ್ಟಿಗೆಗೆ ಹೋಗುತ್ತದೆ, ಯಾರು ಯಾರಿಗೆ ಕೂಗಿ ಹೇಳುತ್ತಾರೆ, ಎಲ್ಲ ನೋಡಿ. ಕೆಲಸ ಇದ್ದರೆ ಹೇಳಿ ಅಂತ ಕೇಳಿಯೂ ನೋಡಿ, ನಾಚಿಕೆ ಬೇಡ.

ಪ್ರಶ್ನೆ: ನಾನು ಮಂಜೇಶ್ವರ ಕಡೆಯ ಶಾಲೆಯಲ್ಲಿ ಟೀಚರ್. ಮಕ್ಕಳ ನಾಟಕಕ್ಕೆ ಸ್ಟೇಜಿನ ಮೇಲೆ ಆರು ಮೈಕ್ ತೂಗಿಸಿದ್ದೆವು. ಕುಂಯ್ ಅನ್ನುವ ಸದ್ದು ನಿಲ್ಲಲೇ ಇಲ್ಲ, ಹಿಂದಿನವರಿಗೆ ಮಾತೂ ಕೇಳಲಿಲ್ಲ. ಏನು ಮಾಡಬಹುದು?

ಉತ್ತರ: ಟೀಚರ್, ಮೈಕ್ ಜಾಸ್ತಿ ಆದದ್ದೇ ತೊಂದರೆ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ವಾಲ್ಯೂಮ್ 3 ಡೆಸಿಬಲ್ ಇಳಿಸಬೇಕಾಗುತ್ತದೆ, ಇಲ್ಲದಿದ್ದರೆ ಕೂಗುತ್ತದೆ. ಸ್ಟೇಜಿನ ಮುಂದಿನ ಅಂಚಿನಲ್ಲಿ ಕೆಳಗೆ ಮೂರು ಮೈಕ್ ಸಾಕು. ಆ ಹೊತ್ತಿಗೆ ಯಾರ ಮಾತು ನಡೆಯುತ್ತಿದೆಯೋ ಅವರ ಹತ್ತಿರದ ಮೈಕ್ ಮಾತ್ರ ಎತ್ತಲು ಸ್ಕ್ರಿಪ್ಟ್ ಗೊತ್ತಿರುವ ಒಬ್ಬ ಹುಡುಗಿಯನ್ನು ಮಿಕ್ಸರಿನಲ್ಲಿ ಕೂರಿಸಿ. ಸೌಂಡಿನವರು ಒಪ್ಪದಿದ್ದರೆ ಅವರ ಪಕ್ಕದಲ್ಲಾದರೂ ಕೂರಲಿ. ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರ ತಲೆಗಿಂತ ಮೇಲೆ ಇರಲಿ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ 6 ಡೆಸಿಬಲ್ ಸಿಗುತ್ತದೆ, ಅದಕ್ಕೆ ಮುಖ್ಯ ಮಾತುಗಳನ್ನೆಲ್ಲ ಮಕ್ಕಳು ಮುಂದೆ ಬಂದು ಹೇಳುವ ಹಾಗೆ ರಿಹರ್ಸಲ್‌ನಲ್ಲೇ ಮಾಡಿಸಿ. ಅಂಗಳ ಉದ್ದ ಇದ್ದು 20 ಮೀಟರ್ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ಇಟ್ಟರೆ ಅದಕ್ಕೆ ಸುಮಾರು 58 ಮಿಲಿಸೆಕೆಂಡ್ ಡಿಲೇ (ಸದ್ದು ಅಷ್ಟು ತಡವಾಗಿ ಬರುವ ಹಾಗೆ) ಕೊಡಲು ಹೇಳಿ, ಇಲ್ಲವಾದರೆ ಒಂದೇ ಮಾತು ಎರಡು ಸಲ ಕೇಳುತ್ತದೆ.

ಪ್ರಶ್ನೆ: ಸೆಟ್ ಡಿಸೈನ್ ಕಲಿಯಲು ಮನೆಯಲ್ಲೇ ಏನು ಮಾಡಬಹುದು? (ಪೆರ್ಲದಿಂದ)

ಉತ್ತರ: ನಿಮ್ಮೂರಿನ ಸ್ಟೇಜನ್ನು ಟೇಪಿನಲ್ಲಿ ಅಳೆದು 1:25ರ ಅಳತೆಯಲ್ಲಿ ರಟ್ಟಿನ ಮಾದರಿ ಮಾಡಿ. 8 ಮೀಟರ್ ಅಗಲದ ಸ್ಟೇಜು 32 ಸೆಂಟಿಮೀಟರ್ ಆಗುತ್ತದೆ, ಊಟದ ಮೇಜಿನ ಮೇಲೆ ಕೂರುತ್ತದೆ. ಅದರಲ್ಲಿ 7 ಸೆಂಟಿಮೀಟರಿನ ರಟ್ಟಿನ ಮನುಷ್ಯನನ್ನು ನಿಲ್ಲಿಸಿ ನೋಡಿ, ಬಾಗಿಲು ಸಣ್ಣದಾಯಿತಾ ದೊಡ್ಡದಾಯಿತಾ ಅಂತ ತಕ್ಷಣ ಗೊತ್ತಾಗುತ್ತದೆ. ಮೂಲೆಯ ಕುರ್ಚಿಯಲ್ಲಿ ಕೂತವರಿಗೆ ಏನು ಕಾಣುತ್ತದೆ ಅನ್ನುವುದನ್ನು ಕಣ್ಣು ಕೆಳಗಿಳಿಸಿ ಆ ಕೋನದಿಂದಲೇ ನೋಡಿ. ಫ್ಲಾಟುಗಳನ್ನು (ಸೆಟ್ಟಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಹಲಗೆಗಳನ್ನು) 8 ಅಡಿ ಉದ್ದ, 4 ಅಡಿ ಅಗಲಕ್ಕಿಂತ ದೊಡ್ಡದು ಮಾಡಬೇಡಿ. ಪ್ಲೈವುಡ್ ಹಾಳೆ ಬರುವುದೇ ಆ ಅಳತೆಯಲ್ಲಿ, ಇಬ್ಬರು ಎತ್ತಿ ಪಿಕಪ್‌ಗೆ ಹಾಕಲೂ ಆಗುತ್ತದೆ.